ಬೆಳಕಿಂಡಿ ಮುಚ್ಚಿಸಿದ ಚಳಿಗಾಲ

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಹುಮನಾಬಾದಿನಿಂದ ಘಾಟಬೋರಾಳದ ದಿಕ್ಕಿಗೆ ಎತ್ತಿನ ಬಂಡಿಯಲ್ಲಿ ಹೊರಟರೆ ಎರಡು ತಾಸಿನ ದಾರಿ, ಅಷ್ಟು ಸಾಕು. ತಮ್ಮ ಅಜ್ಜ ಅಜ್ಜಿಯರು ಏನು ಮಾಡಿದರೆಂಬುದನ್ನು ಅಲ್ಲಿಯ ಮೊಮ್ಮಕ್ಕಳು ನನ್ನ ಬರಹದಿಂದ ತಿಳಿಯಬೇಕಾಗಿಲ್ಲ. ನಾನು ಏನು ಮಾಡಿದೆನೆಂಬುದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಯುದ್ಧ ನಡೆದಿದ್ದ ವರ್ಷಗಳು ಅವು. ಹುಮನಾಬಾದಿನಲ್ಲಿ ಒಬ್ಬ ವ್ಯಾಪಾರಸ್ಥರು ತಮ್ಮ ತಾಯಿಯ ನೆನಪಿಗೆ ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ನಾನು ಹೆರಿಗೆಯ ನರ್ಸ್ ಆಗಿದ್ದೆ. ಆ ದವಾಖಾನೆ ಈಗ ಇಲ್ಲ. ಡಾಕ್ಟರ್ ಸಾಹೇಬರು, ಒಬ್ಬ ಕಂಪೌಂಡರ್, ನಾನು, ಮೂರೇ ಜನ. ಆ ವರ್ಷ ದೀಪಾವಳಿ ಮುಗಿಯುವುದೇ ತಡ ಚಳಿ ಬಿತ್ತು. ಕಾರ್ತಿಕ ಕಳೆಯುವುದರೊಳಗೆ ನಾನು ಹೆರಿಗೆ ಮಾಡಿಸಿದ ಎರಡು ಕೂಸುಗಳು ಎದೆ ಕಟ್ಟಿ ಸತ್ತವು. ಆಗ ಸಾಹೇಬರು ನನ್ನನ್ನು ಮುಂದೆ ಕೂಡಿಸಿಕೊಂಡು ಚಳಿಗಾಲದ ನೇಮಗಳನ್ನು ಬರೆಯಿಸಿದರು. ನೀರು ಕುದಿಸಿ ಕುಡಿಯಬೇಕು. ಹೊತ್ತು ಮುಳುಗುವ ಮುಂಚೆ ಬಿಸಿ ಊಟ ಮುಗಿಸಬೇಕು. ಮೈಗೆ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂಡಬೇಕು, ಕಿವಿ ಮತ್ತು ಪಾದ ಮುಚ್ಚಿಕೊಳ್ಳಬೇಕು. ಬಾಣಂತಿಯ ಮೇಲೆ ತಣ್ಣನೆಯ ಗಾಳಿ ಬೀಸಬಾರದು. ಕುಳ್ಳಿನ, ಅಂದರೆ ಬೆರಣಿಯ, ಹೊಗೆ ಕೂಸಿನ ಕಣ್ಣಿಗೂ ಎದೆಗೂ ಕೆಟ್ಟದ್ದು, ಆದ್ದರಿಂದ ಶೇಗಡಿಗೆ ಇದ್ದಲಿನ ಕೆಂಡವನ್ನೇ ಹಾಕಬೇಕು.

ಬಾಣಂತಿಯ ಹೊರಸಿನ, ಹಗ್ಗದ ಮಂಚದ, ಕೆಳಗೆ ಶೇಗಡಿ ಇಟ್ಟು ಮೈ ಕಾಯಿಸುವುದು ನಮ್ಮ ಕಡೆಯ ಹಳೆಯ ರೂಢಿ. ಮಣ್ಣಿನ ಅಗ್ಗಿಷ್ಟಿಕೆ ಅದು. ಅದರಲ್ಲಿ ಕುಳ್ಳು ಸುಡುತ್ತಿದ್ದರು, ಅಜವಾನ ಉದುರಿಸುತ್ತಿದ್ದರು, ಮನೆಯೆಲ್ಲ ಹೊಗೆಯಾಗುತ್ತಿತ್ತು. ನಮ್ಮ ಮಣ್ಣಿನ ಮಾಳಿಗೆ ಮನೆಗಳಿಗೆ ಕಿಟಕಿ ಇರುವುದಿಲ್ಲ. ಮಾಳಿಗೆಯಲ್ಲೊಂದು ಬೆಳಕಿಂಡಿ ಇರುತ್ತದೆ. ಬೆಳಕು ಬರುವುದೂ ಅಲ್ಲಿಂದಲೇ, ಹೊಗೆ ಹೋಗುವುದೂ ಅಲ್ಲಿಂದಲೇ. ಚಳಿಗಾಲದಲ್ಲಿ ಇಬ್ಬನಿಯ ಗಾಳಿ ಇಳಿಯುವುದೂ ಅಲ್ಲಿಂದಲೇ. ಕುಳ್ಳು ಬಿಟ್ಟು ಇದ್ದಲು ಸುಟ್ಟರೆ ಹೊಗೆ ಇಲ್ಲ, ಹೊಗೆ ಇಲ್ಲವೆಂದ ಮೇಲೆ ಬೆಳಕಿಂಡಿ ಯಾಕೆ ತೆರೆದಿರಬೇಕು ಎಂದು ನನಗೆ ತೋರಿತು. ಸಾಹೇಬರು ಬರೆಯಿಸಿರದ ಆ ಮಾತನ್ನು ನಾನೇ ಸೇರಿಸಿದೆ. ಹೋದ ಹೋದ ಮನೆಯಲ್ಲಿ ಬೆಳಕಿಂಡಿಯ ಮೇಲೆ ಕಲ್ಲು ಇಡಿಸಿ, ಸುತ್ತ ಮಣ್ಣು ಮೆತ್ತಿಸಿದೆ. ಕೋಣೆ ಬೆಚ್ಚಗಾಗುತ್ತಿತ್ತು. ಜನ ಮೆಚ್ಚಿದರು. ನನಗೂ ನನ್ನ ಬುದ್ಧಿಯ ಮೇಲೆ ಹೆಮ್ಮೆಯಾಯಿತು.

ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ, ಒಂದು ಬುಧವಾರ ಬೆಳಿಗ್ಗೆ, ಆ ಊರಿನಿಂದ ಬಂಡಿ ಬಂತು. ಬಂಡಿ ತಂದವನು ಗರ್ಭಿಣಿಯ ಗಂಡನೇ. ಮೂವತ್ತು ದಾಟದ ಒಕ್ಕಲಿಗ. ದಾರಿಯುದ್ದಕ್ಕೂ ಎತ್ತುಗಳೊಡನೆ ಹೊರತು ಬೇರೆ ಯಾರೊಡನೆಯೂ ಒಂದು ಮಾತು ಆಡಲಿಲ್ಲ. ಅವನ ಮನೆಯಲ್ಲಿ ತಾಯಿಯೊಬ್ಬಳು, ಹೆಂಡತಿ. ಇದು ಹೆಂಡತಿಯ ಮೊದಲ ಹೆರಿಗೆ.

ನಾನು ಹೋದಾಗ ಒಳಗೆ ಊರಿನ ಸೂಲಗಿತ್ತಿ ಕುಳಿತಿದ್ದಳು. ಕುರಿ ಕಾಯುವ ಮನೆತನದ ವಿಧವೆ, ಅರವತ್ತು ದಾಟಿದವಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಊರಿನ ಅರ್ಧ ಜನ ಅವಳ ಕೈಯಲ್ಲಿ ಹುಟ್ಟಿದವರು. ನಾನು ಅವಳ ಉಗುರು ನೋಡಿದೆ, ಕುರಿಯ ಕೊಬ್ಬು ಮೆತ್ತಿದ ಸೀರೆ ನೋಡಿದೆ. ಹೊರಗೆ ಹೋಗು ಎಂದೆ. ಅವಳು ಮರುಮಾತಿಲ್ಲದೆ ಎದ್ದು ಹೋಗಿ ಪಡಸಾಲೆಯಲ್ಲಿ ಕುಳಿತಳು.

ಹೆರಿಗೆ ಸರಳವಾಗಿ ಆಯಿತು. ಮೂರನೆಯ ಪ್ರಹರಕ್ಕೆ ಹೆಣ್ಣು ಕೂಸು ಹುಟ್ಟಿತು, ಒಳ್ಳೆಯ ತೂಕ, ಒಳ್ಳೆಯ ದನಿ. ನಾನು ಕುದಿಸಿದ ಕತ್ತರಿಯಿಂದ ಹೊಕ್ಕುಳು ಕತ್ತರಿಸಿ ಕಟ್ಟಿದೆ, ತಾಯಿಯನ್ನು ಒರೆಸಿ ಮಲಗಿಸಿದೆ. ಆಮೇಲೆ ಚೀಲದಿಂದ ಹಾಳೆ ತೆಗೆದು ನೇಮಗಳನ್ನು ಓದಿದೆ. ಗಂಡನನ್ನು ಮಾಳಿಗೆ ಹತ್ತಿಸಿ ಬೆಳಕಿಂಡಿಗೆ ಕಲ್ಲು ಮುಚ್ಚಿಸಿದೆ.

ಪಡಸಾಲೆಯಿಂದ ಆಯಿ ಎದ್ದು ಬಂದು ಬಾಗಿಲಲ್ಲಿ ನಿಂತಳು.

“ಅಕ್ಕೋರೆ, ಬೆಳಕಿಂಡಿ ಪೂರಾ ಬಂದ ಮಾಡಬ್ಯಾಡ್ರಿ. ಚಳಿ ಅಂದ್ರ ಕಂಬಳಿ ಹೊಚ್ಚರಿ, ಜ್ವಾಳದ ಹೊಟ್ಟು ಬಿಸಿ ಮಾಡಿ ಗಂಟು ಕಟ್ಟಿ ಕಾಲಿಗಿಡ್ರಿ. ಮನಿ ಉಸರಾಡಬೇಕ್ರಿ.”

“ಮನಿಗೆ ಎಲ್ಲಿ ಮೂಗು ಅದ ಆಯಿ?” ಎಂದೆ.

ಅತ್ತೆ ನಕ್ಕಳು. ನೋಡಲು ಬಂದಿದ್ದ ನೆರೆಮನೆಯ ಹೆಂಗಸರೂ ನಕ್ಕರು. ಆಯಿಯ ಮುಖ ಕಪ್ಪಿಟ್ಟಿತು.

“ನಗ್ರಿ. ಹಿಂಗ ಮುಚ್ಚಿದ್ರ ಈ ಕೋಣ್ಯಾಗ ಉಸರು ಉಳಿಯಾಂಗಿಲ್ಲ, ಹೇಳೀನಿ,” ಎಂದವಳೇ ಸೀರೆಯ ಸೆರಗು ಝಾಡಿಸಿ ಹೊರಟುಹೋದಳು. ಆ ಮಾತನ್ನು ಅಲ್ಲಿದ್ದವರೆಲ್ಲ ಕೇಳಿದರು.

ಮೂರನೆಯ ದಿನ, ಶುಕ್ರವಾರ, ತಪಾಸಣೆಗೆ ಹೋದೆ. ಹೊಕ್ಕುಳು ಒಣಗುತ್ತಿತ್ತು, ತಾಯಿಗೆ ಜ್ವರ ಇರಲಿಲ್ಲ. ಆದರೆ ಅವಳು ಹಣೆ ಹಿಡಿದುಕೊಂಡಿದ್ದಳು.

“ತಲಿ ಸಿಡಿಯಾಕತ್ತದ್ರಿ ಅಕ್ಕೋರೆ. ಹೊಟ್ಯಾಗ ತೊಳಸಿದಂಗ ಆಗಾಕತ್ತದ. ಬಾಗಲಾ ತಗದ್ರ ಜರಾ ಆರಾಮ ಅನಸ್ತದ.”

ಆ ಕೊನೆಯ ಮಾತನ್ನು ನಾನು ಕೇಳಿಯೂ ಕೇಳಲಿಲ್ಲ. ಹೊಟ್ಟೆ ಕಟ್ಟಿರಬೇಕು ಎಂದು ಔಡಲೆಣ್ಣೆ ಕುಡಿಸಲು ಹೇಳಿದೆ, ತಲೆನೋವಿನ ಗುಳಿಗೆ ಕೊಟ್ಟೆ. ಹೊರಡುವಾಗ ನನಗೂ ತಲೆ ಸ್ವಲ್ಪ ಸುತ್ತಿದಂತಾಯಿತು. ಬಂಡಿಯ ಕುಲುಕಾಟ ಇರಬೇಕು ಎಂದುಕೊಂಡೆ. ಗಂಡ ಬಾಗಿಲಲ್ಲೇ ನಿಂತಿದ್ದ. “ಗಾಳಿ ಬಡಿಯಾಕತ್ತದ, ಬಾಗಲಾ ಹಾಕ್ರಿ,” ಎಂದು ಅವನಿಗೆ ಹೇಳಿ ಬಂದೆ.

ಭಾನುವಾರ ಎಳ್ಳಮಾವಾಸ್ಯೆ. ಅತ್ತೆ, ಮಗ ಇಬ್ಬರೂ ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದರು. ಹಿಂದಿರುಗಿ ಬರುವ ಹೊತ್ತಿಗೆ ಚಳಿ ಹಲ್ಲು ಕಡಿಸುತ್ತಿತ್ತಂತೆ. ಒಬ್ಬಳೇ ಇದ್ದ ಬಾಣಂತಿಗೆ ಚಳಿ ಹತ್ತಿರಬಹುದೆಂದು ಇನ್ನೊಂದು ಶೇಗಡಿ ತುಂಬಿ ಒಳಗಿಟ್ಟರು, ಬಾಗಿಲ ಸಂದಿಗೆ ಗೋಣಿತಟ್ಟು ತುರುಕಿದರು. ಪ್ರೀತಿಯಿಂದಲೇ ಮಾಡಿದರು. ಸೋಮವಾರ ಬೆಳಗಾದಾಗ ಬಾಗಿಲು ತಳ್ಳಿದವಳು ಅತ್ತೆ.

ನಾನು ತಲುಪಿದಾಗ ಬಿಸಿಲು ಏರಿತ್ತು. ತಾಯಿ ಬಲ ಮಗ್ಗುಲಿಗೆ ಮಲಗಿದ್ದಳು, ಕೂಸಿನ ಬಾಯಿ ಮೊಲೆಯ ಹತ್ತಿರವೇ ಇತ್ತು. ಇಬ್ಬರೂ ಆಗಲೇ ತಣ್ಣಗಾಗಿದ್ದರು. ಆದರೆ ಕೆನ್ನೆಗಳು ಕೆಂಪಗಿದ್ದವು. ಬಿಸಿಲಲ್ಲಿ ಆಡಿ ಬಂದ ಮಕ್ಕಳ ಕೆನ್ನೆಯ ಹಾಗೆ, ತುಟಿಯೂ ಹಾಗೆಯೇ. ನಾನು ಎಷ್ಟೋ ಹೆಣ ನೋಡಿದ್ದೆ, ಅಂಥ ಬಣ್ಣ ನೋಡಿರಲಿಲ್ಲ. ಒದ್ದಾಡಿದ ಗುರುತಿಲ್ಲ, ವಾಂತಿ ಸ್ವಲ್ಪ ಬಿದ್ದಿತ್ತು, ರಕ್ತ ಹೋಗಿರಲಿಲ್ಲ, ಹಾವು ಕಚ್ಚಿದ ಗುರುತಿಲ್ಲ. ಮೈಯೆಲ್ಲ ತಿರುಗಿಸಿ ನೋಡಿದೆ. ಏನೂ ಹೊಳೆಯಲಿಲ್ಲ.

ಹೊರಗೆ ಅಂಗಳದಲ್ಲಿ ಯಾರೋ ಒಬ್ಬಳು ಅಂದಳು: “ಸತ್ತ ಮೋತಿ ಹಿಂಗ ಕೆಂಪಗ ಇರತದೇನು? ಇದು ಬಾನಾಮತಿ.”

ಬಾನಾಮತಿ ಎಂದರೆ ನಮ್ಮ ಕಡೆ ಮಾಟ. ಆ ಮಾತು ಬಿದ್ದ ಮೇಲೆ ಉಳಿದದ್ದು ತಾನಾಗಿಯೇ ಬಂತು. ಉಸಿರು ಉಳಿಯುವುದಿಲ್ಲ ಎಂದು ಹೇಳಿ ಹೋದವಳು ಯಾರು? ನರ್ಸ್ ಬಂದದ್ದಕ್ಕೆ ಹೊಟ್ಟೆಯುರಿದವಳು ಯಾರು? ಸೆರಗು ಝಾಡಿಸಿದವಳು ಯಾರು? ನಾನು ಚೀಲ ಮುಚ್ಚಿಕೊಂಡು ಬಂಡಿ ಹತ್ತಿದೆ. ಹಳ್ಳಿಯ ಹೆಂಗಸರು ಅಳುವಾಗ ಏನೇನೋ ಅನ್ನುತ್ತಾರೆ ಎಂದುಕೊಂಡೆ.

ಸಾಹೇಬರು ಮಧ್ಯಾಹ್ನದ ಊಟಕ್ಕೆ ಏಳುವುದರಲ್ಲಿದ್ದರು. ಕೆನ್ನೆಯ ಬಣ್ಣ ಹೇಳುತ್ತಲೇ ಮತ್ತೆ ಕುಳಿತರು.

“ಶೇಗಡ್ಯಾಗ ಏನ ಇತ್ತು?”

“ಇದ್ಲಿ. ನೀವ ಬರಸಿದ್ರಲ್ರಿ.”

“ಬೆಳಕಿಂಡಿ?”

“ಮುಚ್ಚಿಸಿದ್ದೆ.”

“ಮುಚ್ಚಂತ ನಾ ಬರಸಿದ್ದೆನೇನು ನರ್ಸಬಾಯಿ?”

“ಇಲ್ರಿ.”

ಸಾಹೇಬರು ವಿವರಿಸಿದರು. ಇದ್ದಲು ಉರಿಯುವಾಗ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷದ ಗಾಳಿ ಹುಟ್ಟುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ರಕ್ತದಲ್ಲಿ ಸೇರಿ ಬಿಟ್ಟುಹೋಗುವುದಿಲ್ಲ. ಮೊದಲು ತಲೆ ಸಿಡಿಯುತ್ತದೆ, ಹೊಟ್ಟೆ ತೊಳೆಸುತ್ತದೆ, ಆಮೇಲೆ ನಿದ್ದೆ. ಮೈ ಕೆಂಪಾಗುವುದು ಅದರಿಂದಲೇ. ಕುಳ್ಳಿನಿಂದಲೂ ಹುಟ್ಟುತ್ತದೆ, ಆದರೆ ಕುಳ್ಳಿನ ಹೊಗೆ ಕಣ್ಣಿಗೆ ಚುಚ್ಚಿ ಬಾಗಿಲು ತೆರೆಯಿಸುತ್ತದೆ. ನಾನು ಆ ಹೊಗೆಯನ್ನು ತೆಗೆದೆ, ದಾರಿಯನ್ನೂ ಮುಚ್ಚಿದೆ.

“ಅವರಿಗೆ ಹೇಳಿ ಬರ್ತೀನಿ,” ಎಂದೆ.

“ಹೇಳಿ ಏನ ಮಾಡ್ತಿ? ಸತ್ತೋರು ಎದ್ದು ಬರ್ತಾರೇನು? ನರ್ಸ್ ಬಂದು ಕೊಂದಳು ಅಂತ ನಾಳೆ ಮೂವತ್ತು ಹಳ್ಳ್ಯಾಗ ಸುದ್ದಿ ಆಗ್ತದ. ಒಂದು ಬಾಗಲಾನೂ ನಿನಗ ತಗಿಯಾಂಗಿಲ್ಲ. ಮತ್ತ ಕುಡಗೋಲಿಂದ ಹೊಕ್ಕಳ ಹುರಿ ಕೊಯ್ಯತಾರ, ಮತ್ತ ಧನುರ್ವಾಯು ಆಗಿ ಕೂಸು ಸಾಯತಾವ. ಲೆಕ್ಕ ಹಾಕು. ಬಾಯಿ ಮುಚ್ಚಿಕೊಂಡು ಉಳದ ಮನಿ ಬೆಳಕಿಂಡಿ ತಗಸು. ಅದು ನಿನ್ನ ಕೆಲಸ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದು ನನಗೆ ಅನುಕೂಲವಾದ ಮಾತೂ ಆಗಿತ್ತು.

ಆ ತಿಂಗಳು ನನ್ನ ಕೈಯಲ್ಲಿ ಎಂಟು ಬಾಣಂತಿಯರಿದ್ದರು. ಘಾಟಬೋರಾಳದಲ್ಲಿ ಇಬ್ಬರು, ದುಬಲಗುಂಡಿಯಲ್ಲಿ ಮೂವರು, ಹುಮನಾಬಾದಿನ ಸುತ್ತಮುತ್ತ ಉಳಿದವರು. ಮಂಗಳವಾರ ಬೆಳಿಗ್ಗೆ ಹೊರಟೆ. ಮನೆಮನೆಗೆ ಹೋಗಿ ಮಾಳಿಗೆ ಹತ್ತಿಸಿ ಕಲ್ಲು ತೆಗೆಸಿದೆ. ಯಾಕೆ ಎಂದು ಕೇಳಿದರೆ ಕೂಸಿನ ಕಣ್ಣಿಗೆ ಬೆಳಕು ಬೇಕು ಎಂದು ಸುಳ್ಳು ಹೇಳಿದೆ. ದುಬಲಗುಂಡಿಯ ಒಂದು ಮನೆಯಲ್ಲಿ ಬಾಣಂತಿ ಎರಡು ದಿನದಿಂದ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಶೇಗಡಿಯನ್ನು ನಾನೇ ಎತ್ತಿ ಅಂಗಳಕ್ಕೆ ಒಯ್ದೆ, ಅವಳನ್ನು ಪಡಸಾಲೆಯ ಬಿಸಿಲಿಗೆ ತಂದು ಮಲಗಿಸಿದೆ. ಸಂಜೆಯ ಹೊತ್ತಿಗೆ ಅವಳು ರೊಟ್ಟಿ ಕೇಳಿದಳು. ಇಷ್ಟು ಮಾಡಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಒಮ್ಮೆಯೂ ನಾನು ಸತ್ತವಳ ಊರಿನ ದಾರಿ ತುಳಿಯಲಿಲ್ಲ. ಅಲ್ಲಿ ತೆರೆಯಲು ಬೆಳಕಿಂಡಿ ಉಳಿದಿಲ್ಲ ಎಂದುಕೊಂಡಿದ್ದೆ.

ಶನಿವಾರ ಮುಂಜಾನೆ ದವಾಖಾನೆಗೆ ಔಷಧಕ್ಕೆ ಬಂದ ಆ ಊರಿನವನೊಬ್ಬ ನಮ್ಮ ಕಂಪೌಂಡರನಿಗೆ ಹೇಳುತ್ತಿದ್ದ. ಅವನ ದನಿಯಲ್ಲಿ ಸಂಕಟವಿರಲಿಲ್ಲ, ಸಂತೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದ. “ನಿನ್ನೆ ಆ ಸೂಲಗಿತ್ತಿ ಮುದುಕಿ ಹಲ್ಲು ಕಿತ್ತರು. ಇನ್ನ ಮಂತ್ರ ಹ್ಯಾಂಗ ಅಂತಾಳ ನೋಡೂಣು.”

ಹಲ್ಲಿಲ್ಲದ ಬಾಯಲ್ಲಿ ಮಂತ್ರದ ಅಕ್ಷರ ಸರಿಯಾಗಿ ಹೊರಡುವುದಿಲ್ಲ, ಆದ್ದರಿಂದ ಬಾನಾಮತಿಯವಳ ಮುಂದಿನ ಹಲ್ಲು ಕಿತ್ತರೆ ಮಾಟ ಸಾಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇತ್ತು. ನಾನು ಅದನ್ನು ಬಾಲ್ಯದಿಂದ ಕೇಳಿದ್ದೆ. ಕೇಳಿದ್ದರೂ ಸೋಮವಾರ ಸುಮ್ಮನೆ ಬಂಡಿ ಹತ್ತಿದ್ದೆ.

ಕೂಡಲೇ ಚೀಲ ತೆಗೆದುಕೊಂಡು ಆ ಊರಿಗೆ ಹೊರಟೆ. ಊರಾಚೆ ಕುರಿಯ ಹಟ್ಟಿಯ ಮಗ್ಗುಲಲ್ಲಿ ಅವಳ ಗುಡಿಸಲು. ಹೊರಗೆ ಯಾರೂ ಇರಲಿಲ್ಲ, ಕುರಿಗಳನ್ನೂ ಯಾರೋ ಹೊಡೆದುಕೊಂಡು ಹೋಗಿದ್ದರು. ಆಯಿ ನೆಲದ ಮೇಲೆ ಕುಳಿತು ಗೋಡೆಗೆ ಒರಗಿದ್ದಳು. ಮುಖ ಒಂದು ಕಡೆ ಕಣ್ಣಿನವರೆಗೂ ಬಾತಿತ್ತು. ನಾನು ಮೂರು ಕಲ್ಲು ಹೂಡಿ ನೀರು ಕಾಯಿಸಿದೆ. ಬಾಯಿ ತೆರೆಯಿಸಿ ನೋಡಿದೆ. ಮೇಲಿನವು ನಾಲ್ಕು, ಕೆಳಗಿನವು ಮೂರು ಹೋಗಿದ್ದವು. ಲಾಳ ಕಟ್ಟುವವನ ಇಕ್ಕಳದಿಂದ ಎಳೆದದ್ದು. ಕೆಳಗಿನ ಒಂದು ಹಲ್ಲು ಅರ್ಧಕ್ಕೆ ಮುರಿದು ಬೇರು ಒಸಡಿನೊಳಗೆ ಉಳಿದಿತ್ತು, ಅಲ್ಲಿಂದ ಇನ್ನೂ ರಕ್ತ ಒಸರುತ್ತಿತ್ತು. ತುಟಿ ಒಳಗಿನಿಂದ ಸೀಳಿತ್ತು. ಬೆಚ್ಚನೆಯ ಉಪ್ಪು ನೀರಿನಿಂದ ಹತ್ತಾರು ಸಲ ತೊಳೆದೆ. ಹತ್ತಿಯಲ್ಲಿ ಲವಂಗದ ಎಣ್ಣೆ ಅದ್ದಿ ಇಟ್ಟೆ. ತುಟಿಗೆ ಎರಡು ಹೊಲಿಗೆ ಹಾಕಿದೆ. ಮರಗಟ್ಟಿಸುವ ಮದ್ದು ನನ್ನ ಚೀಲದಲ್ಲಿ ಇರಲಿಲ್ಲ. ಸೂಜಿ ಚುಚ್ಚಿದಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಕೆಲಸ ಮುಗಿಸಿದೆ. ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ.

ಕೈ ತೊಳೆದುಕೊಂಡೆ. ಅಲ್ಲಿಂದ ನೇರ ಚಾವಡಿಗೆ ನಡೆದೆ. ಸಾಹೇಬರನ್ನು ಕೇಳಲಿಲ್ಲ.

ಊರಿನ ಪಾಟೀಲರು ಚಾವಡಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಐದಾರು ಜನ ಇದ್ದರು, ಸತ್ತವಳ ಗಂಡನೂ ಇದ್ದ. ನಿಂತೇ ಹೇಳಿದೆ. ಕೊಂದದ್ದು ಇದ್ದಲಿನ ಗಾಳಿ, ಬೆಳಕಿಂಡಿ ಮುಚ್ಚಿಸಿದವಳು ನಾನು, ಮುದುಕಿ ಹೇಳಿದ್ದು ಶಾಪವಲ್ಲ, ಬುದ್ಧಿಮಾತು.

ಪಾಟೀಲರು ಕರುಣೆಯಿಂದ ನನ್ನನ್ನು ನೋಡಿದರು.

“ಅಕ್ಕೋರೆ, ನೀವು ದೊಡ್ಡ ಮನಸಿನೋರು. ಮುದುಕೀನ ಉಳಸಾಕ ಹಿಂಗ ಹೇಳಾಕತ್ತೀರಿ.”

“ಇಲ್ರಿ, ಖರೇನ ಹೇಳಾಕತ್ತೀನಿ.”

“ಕೆಂಡ ಕಾಸಿದ್ರ ಮಂದಿ ಸಾಯತಾರೇನ್ರಿ? ನಮ್ಮವ್ವಗಳು ಎಲ್ಲಾ ಶೇಗಡಿ ಮ್ಯಾಗ ಹಡದಾರ.”

ಹಿಂದಿನಿಂದ ಒಬ್ಬ ಅಂದ: “ಆಕಿ ಗುಡಿಸಲದಿಂದ ಈಗ ಬಂದಾರ್ರಿ. ಇವರಿಗೂ ಬಾನಾಮತಿ ಹಾಕ್ಯಾಳ.”

ಆಗ ತೋಚಿತು. “ಮಾಡಿ ತೋರಸ್ತೀನಿ,” ಎಂದೆ. “ಅದ ಕೋಣಿ, ಅದ ಶೇಗಡಿ, ಅದ ಕಲ್ಲು. ಒಳಗ ಕೋಳಿ ಬಿಡೂಣು.”

ಪಾಟೀಲರು ಗಡ್ಡ ನೀವಿದರು. “ಮುದುಕಿ ಊರಾಗ ಇದ್ರ, ಕೋಳೀನೂ ಆಕೀನೇ ಕೊಂದಳು ಅಂತಾರ.”

“ಆಕೀನ ಊರಾಗ ಇಡಾಂಗಿಲ್ಲ. ಕಲ್ಯಾಣಿಗೆ ಒಯ್ಯತೀನಿ.”

ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿಯ ದವಾಖಾನೆಯಲ್ಲಿ ಮುರಿದ ಬೇರು ತೆಗೆಯಬಲ್ಲ ಡಾಕ್ಟರ್ ಇದ್ದರು. ಹೇಗೂ ಒಯ್ಯಲೇಬೇಕಿತ್ತು, ಕೀವು ಕಟ್ಟಿ ದವಡೆಗೆ ಇಳಿದರೆ ಅವಳು ಬದುಕುತ್ತಿರಲಿಲ್ಲ. ಭಾನುವಾರ ಹುಮನಾಬಾದಿನಿಂದ ಮೋಟಾರು ಹಿಡಿದೆವು. ಯುದ್ಧದಿಂದಾಗಿ ಪೆಟ್ರೋಲ್ ಸಿಗುತ್ತಿರಲಿಲ್ಲ, ಬೆನ್ನಿಗೆ ಇದ್ದಲಿನ ಭಟ್ಟಿ ಕಟ್ಟಿಕೊಂಡು ಓಡುವ ಮೋಟಾರು ಅದು, ಏರು ಬಂದಾಗ ಎಲ್ಲರೂ ಇಳಿದು ನಡೆಯಬೇಕು. ಆಯಿ ಮಾತ್ರ ಕುಳಿತಿದ್ದಳು. ಕಂಬಳಿಯಿಂದ ಮೂಗಿನವರೆಗೆ ಮುಖ ಮುಚ್ಚಿಕೊಂಡಿದ್ದಳು. ದಾರಿಯಲ್ಲಿ ಅವಳಿಗೆ ಹೇಳಿದೆ: “ನೀ ಹೇಳಿದ್ದ ಖರೆ ಆಯಿ. ಗಾಳಿ ಇಲ್ಲದ ಸತ್ತರು. ತಪ್ಪು ನಂದು.” ಅವಳು ಕಿಟಕಿಯಾಚೆ ನೋಡುತ್ತಲೇ ಇದ್ದಳು. ನಾನು ಹೇಳಿದ್ದು ಅಷ್ಟೇ. ಅದು ಯಾವತ್ತು ನನಗೆ ತಿಳಿಯಿತೆಂದು ಹೇಳಲಿಲ್ಲ.

ಸೋಮವಾರ ಬೇರು ತೆಗೆದರು. ಅವಳನ್ನು ಅಲ್ಲೇ ಬಿಟ್ಟು, ಮಂಗಳವಾರ ಹಿಂದಿರುಗಿ, ಬುಧವಾರ ಬೆಳಿಗ್ಗೆ ಆ ಊರಿಗೆ ಹೋದೆ. ಅರ್ಧ ಊರು ಆ ಮನೆಯ ಮುಂದೆ ನೆರೆದಿತ್ತು.

ಅತ್ತೆ ಎರಡು ಕೋಳಿ ಕೊಟ್ಟಳು. ಗಂಡ ಹಗ್ಗ ಹಿಡಿದು ಒಂದು ಆಡಿನ ಮರಿ ತಂದ. “ಕೋಳಿ ಹೆದರಿಕೊಂಡೂ ಸಾಯತಾವ,” ಎಂದ. ಕೋಣೆಯಲ್ಲಿ ಹೊರಸು ಇದ್ದಲ್ಲೇ ಇತ್ತು. ಒಂದು ಕೋಳಿಯನ್ನು ಬುಟ್ಟಿಯಲ್ಲಿ ಹೊರಸಿನ ಮೇಲಿಟ್ಟೆ, ಮರಿಯನ್ನು ಹೊರಸಿನ ಕಾಲಿಗೆ ಕಟ್ಟಿದೆ. ಎರಡೂ ಶೇಗಡಿಗಳಲ್ಲಿ ಇದ್ದಲು ತುಂಬಿ, ಅಂಗಳದಲ್ಲಿ ಎಲ್ಲರೆದುರು ಹೊತ್ತಿಸಿ, ಕೆಂಪು ಕೆಂಡವಾದ ಮೇಲೆ ಒಳಗಿಟ್ಟೆ. ಗಂಡನೇ ಮಾಳಿಗೆ ಹತ್ತಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ಅತ್ತೆಯೇ ಬಾಗಿಲ ಸಂದಿಗೆ ಗೋಣಿತಟ್ಟು ತುರುಕಿದಳು. ಅಂದು ಮಾಡಿದಂತೆಯೇ ಮಾಡಿ ಎಂದು ನಾನೇ ಹೇಳಿದ್ದೆ. ಅವಳ ಬೆರಳುಗಳು ಸಂದಿಯಿಂದ ಸಂದಿಗೆ ತಡವರಿಸದೆ ಹೋದವು.

ಮೊದಲು ಮರಿ ಒದರಿತು. ಬಹಳ ಹೊತ್ತು ಒದರಿತು. ಆಮೇಲೆ ದನಿ ಸಣ್ಣದಾಯಿತು. ಆಮೇಲೆ ಏನೋ ಬಿದ್ದ ಸಪ್ಪಳ. ನನ್ನ ಗಡಿಯಾರದಲ್ಲಿ ಎರಡು ತಾಸು ಆಗುವವರೆಗೆ ಬಾಗಿಲು ಮುಟ್ಟಗೊಡಲಿಲ್ಲ. ತೆರೆದಾಗ ಗಂಡ ಒಳಗೆ ನುಗ್ಗಲು ಹೋದ, ರಟ್ಟೆ ಹಿಡಿದು ನಿಲ್ಲಿಸಿದೆ. ಮಾಳಿಗೆಯ ಕಲ್ಲು ತೆಗೆಸಿದೆ. ಸಾಕಷ್ಟು ಹೊತ್ತು ಗಾಳಿಯಾಡಿದ ಮೇಲೆ ನಾನೇ ಹೋಗಿ ಎರಡನ್ನೂ ಹೊರಗೆ ತಂದು ಅಂಗಳದಲ್ಲಿ ಇಟ್ಟೆ. ಎರಡೂ ಸತ್ತಿದ್ದವು. ಮರಿಯ ತುಟಿ ಬಿಡಿಸಿ ಒಸಡು ತೋರಿಸಿದೆ. ಅದೇ ಕೆಂಪು.

ಉಳಿದ ಕೋಳಿಯನ್ನು ಅದೇ ಕೋಣೆಯಲ್ಲಿ ಇಟ್ಟು, ಹೊಸ ಕೆಂಡ ಹಾಕಿ, ಬೆಳಕಿಂಡಿ ತೆರೆದು, ಬಾಗಿಲನ್ನು ಒಂದು ಗೇಣು ಬಿಟ್ಟು ಮತ್ತೆ ಎರಡು ತಾಸು ಕಾದೆ. ಈ ಸಲ ತೆರೆದಾಗ ಕೋಳಿ ತಾನೇ ಹಾರಿ ಹೊರಗೆ ಬಂದು ಅಂಗಳದಲ್ಲಿ ಕೆದರತೊಡಗಿತು.

ಪಾಟೀಲರು ಮರಿಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಎದ್ದು, “ಆಗಿದ್ದು ಆಗಿ ಹೋತು. ಮುದುಕೀದು ತಪ್ಪಿಲ್ಲ. ಕರಕೊಂಡು ಬರ್ರಿ,” ಎಂದರು. ಯಾರೂ ಅಲ್ಲಗಳೆಯಲಿಲ್ಲ.

ಅತ್ತೆ ಹೊಸ್ತಿಲಲ್ಲಿ ಕುಸಿದಳು. “ಆಕಿ ತಲಿ ನಾ ಹಿಡ್ಕೊಂಡಿದ್ದೆ,” ಎಂದಳು. ಯಾರೂ ಕೇಳಿರಲಿಲ್ಲ, ಅವಳೇ ಹೇಳಿದಳು. “ಎರಡೂ ಕೈಯಿಂದ ಹಿಡ್ಕೊಂಡಿದ್ದೆ. ನನ್ನ ಮಗನ್ನ ಹಡಿಸಿದಾಕಿ.”

ಗಂಡ ನನ್ನ ಮುಂದೆ ಬಂದು ನಿಂತ. ಹೊಡೆದಾನು ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಅಕ್ಕೋರೆ, ಶುಕ್ರಾರ ಆಕಿ ತಲಿ ಸಿಡಿಯಾಕತ್ತದ ಅಂದಳಲ್ಲ. ಬಾಗಲಾ ತಗದ್ರ ಆರಾಮ ಅನಸ್ತದ ಅಂದಳಲ್ಲ.”

“ಹೌದು.”

“ನೀವು ಬಾಗಲಾ ಹಾಕ್ರಿ ಅಂದ್ರಿ.”

“ಹೌದು.”

“ಶನಿವಾರ ಮತ್ತ ಅಂದಳು. ಐತವಾರನೂ ಅಂದಳು. ಅಕ್ಕೋರು ಬ್ಯಾಡ ಅಂದಾರ, ಸುಮ್ನ ಮಲಕೋ ಅಂತ ನಾ ಆಕೀಗೆ ಗದರಸಿದೆ.” ಅವನು ಬಾಗಿ ಸತ್ತ ಮರಿಯ ಕಾಲು ಹಿಡಿದು ಎತ್ತಿಕೊಂಡ. “ಇನ್ನ ನಮ್ಮೂರಿಗೆ ಬರಬ್ಯಾಡ್ರಿ.”

ಮತ್ತೆ ನಾನು ಹೋಗಲಿಲ್ಲ. ಸಾಹೇಬರು ಹೇಳಿದ್ದಂತೆಯೇ ಆಯಿತು. ಶಿವರಾತ್ರಿಯ ತನಕ ಆ ಸುತ್ತಿನಿಂದ ಒಂದೂ ಬಂಡಿ ನನ್ನನ್ನು ಕರೆಯಲು ಬರಲಿಲ್ಲ. ಫಾಲ್ಗುಣದಲ್ಲಿ ಘಾಟಬೋರಾಳದ ಕಡೆ ಒಬ್ಬಳು ಕೂಸು ಅಡ್ಡವಾಗಿ ಮೂರು ದಿನ ನರಳಿ ಸತ್ತಳೆಂದು ಕೇಳಿದೆ. ಮನೆಯವರು ಯಾರನ್ನೂ ಕರೆದಿರಲಿಲ್ಲ. ಕರೆಯಬೇಕೆಂದರೆ ಆ ಸುತ್ತಿನ ಸೂಲಗಿತ್ತಿ ಆಯಿಯೂ ಊರಿಗೆ ಮರಳಿರಲಿಲ್ಲ. ಸಾಹೇಬರು ನನ್ನನ್ನು ಬೈಯಲಿಲ್ಲ. ನೇಮಗಳ ಹಾಳೆಯನ್ನು ಕೇಳಿ ಪಡೆದು, ಬೆಳಕಿಂಡಿಯ ಮಾತನ್ನು ತಮ್ಮ ಕೈಯಿಂದಲೇ ಅದರಲ್ಲಿ ಬರೆದು ಹಿಂದಿರುಗಿಸಿದರು. ಅದನ್ನು ಓದಿ ಹೇಳಲು ನನಗೆ ಮನೆಗಳಿರಲಿಲ್ಲ.

ಕೋಳಿಯ ಪರೀಕ್ಷೆ ಆದ ನಾಲ್ಕನೆಯ ದಿನ ನಾನು ಕಲ್ಯಾಣಿಗೆ ಹೋಗಿದ್ದೆ. ಅದನ್ನು ಕೊನೆಗೆ ಬರೆಯಬೇಕೆಂದು ಇಲ್ಲಿಯವರೆಗೆ ಬಿಟ್ಟೆ.

ಬಾವು ಇಳಿದಿತ್ತು. ಆಯಿ ದವಾಖಾನೆಯ ಮಂಚದ ಮೇಲೆ ಕಂಬಳಿ ಹೊದ್ದು ಕುಳಿತು ಬಟ್ಟಲಿನಿಂದ ಅಂಬಲಿ ಕುಡಿಯುತ್ತಿದ್ದಳು. ತು, ದು, ಸು ಅನ್ನುವಾಗ ಗಾಳಿ ಸೋರುತ್ತಿತ್ತು, ಆದರೆ ಮಾತು ತಿಳಿಯುತ್ತಿತ್ತು. ನಾನು ಸಂತೋಷದ ಸುದ್ದಿ ತಂದವಳ ಹಾಗೆ ಮಂಚದ ತುದಿಯಲ್ಲಿ ಕುಳಿತೆ.

“ಊರ ಮಂದೀಗೆ ಗೊತ್ತಾತು ಆಯಿ. ನಿಂದು ತಪ್ಪಿಲ್ಲಂತ ಪಾಟೀಲರು ಎಲ್ಲಾರ ಮುಂದ ಹೇಳ್ಯಾರ. ನಿನ್ನ ಕರಕೊಂಡು ಬಾ ಅಂದಾರ.”

“ನಂದು ತಪ್ಪಿಲ್ಲಂತ ನನಗ ಮೊದಲ ಮಾಲೂಮ ಇತ್ತು,” ಎಂದಳು. ಬಟ್ಟಲು ಕೆಳಗಿಟ್ಟಳು. “ನಿಮಗ ಯಾವಾಗ ಮಾಲೂಮ ಆತು?”

ಸುಳ್ಳು ಹೇಳಲು ಅಡ್ಡಿಯಿರಲಿಲ್ಲ. ಅವಳಿಗೆ ಹೇಳುವವರು ಬೇರೆ ಯಾರೂ ಇರಲಿಲ್ಲ.

“ಆಕಿ ಸತ್ತ ದಿನಾನ. ಸೋಮಾರ ಮಧ್ಯಾಹ್ನ.”

ಆಯಿ ಕಂಬಳಿಯೊಳಗಿಂದ ಕೈ ಹೊರಗೆ ತೆಗೆದಳು. ಹೆಬ್ಬೆರಳಿಂದ ಕಿರುಬೆರಳಿನ ಗೆಣ್ಣು ಮುಟ್ಟಿದಳು. “ಮಂಗಳಾರ.” ಮುಂದಿನದು ಮುಟ್ಟಿದಳು. “ಬುಧವಾರ. ಗುರುವಾರ.” ನಾಲ್ಕನೆಯ ಬೆರಳಿಗೆ ಬಂದು ನಿಂತಳು. “ಶುಕ್ರಾರ ಹೊತ್ತು ನೆತ್ತಿ ಮ್ಯಾಗ ಬಂದಿತ್ತು, ಅವರು ನನ್ನ ಗುಡಸಲಕ್ಕ ಬಂದಾಗ.” ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡಿದ್ದಳು. “ಈ ನಾಕು ದಿನ ನೀವು ಏನ ಮಾಡಾಕತ್ತಿದ್ರಿ?”

“ಎಂಟು ಮನಿ ಬೆಳಕಿಂಡಿ ತಗಸಾಕತ್ತಿದ್ದೆ.”

“ಎಂಟೂ ಬಾಣಂತ್ಯಾರು ಅದಾರ?”

“ಅದಾರ. ಕೂಸುಗಳೂ ಅದಾವ.”

ಅವಳು ನನ್ನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ನಾನು ಹುಡುಕುತ್ತಿದ್ದದ್ದೂ ಇರಲಿಲ್ಲ.

“ಹಂಗಾರ ಹೋಗ್ರಿ,” ಎಂದಳು.

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನಿನ ಮೇಲಿಂದ ಕಂಬಳಿ ಜಾರಿತ್ತು. ಹೊದಿಸೋಣವೆಂದು ನಾನು ಕೈ ಚಾಚಿದೆ. ಅವಳೇ ಅದನ್ನು ಎಳೆದುಕೊಂಡಳು.